ಕುಲಗೆಟ್ಟ ಮತ

ನನ್ನ ಮದುವೆಗೆ ಒಮ್ಮೆ ಚುನಾವಣೆ ನಡೆದಿತ್ತು. ತಮಾಷೆಗೆ ಹೇಳುತ್ತಿಲ್ಲ. ಮತಚೀಟಿ ಇತ್ತು, ಮತಪೆಟ್ಟಿಗೆ ಇತ್ತು, ಉಗ್ರಾಣದ ಬಾಗಿಲಿಗೆ ಪಂಚೆ ಕಟ್ಟಿ ಮಾಡಿದ ಮತಗಟ್ಟೆ ಇತ್ತು, ಮಧ್ಯಾಹ್ನದ ಊಟವಾದ ಮೇಲೆ ಮರುಮತದಾನವೂ ಆಯಿತು. ಇಲ್ಲದೇ ಇದ್ದದ್ದು ಒಂದೇ, ನನ್ನ ಕೈಯಲ್ಲಿ ಒಂದು ಚೀಟಿ. ಎಂಬತ್ತರ ದಶಕದ ಆರಂಭದ ಮಾತು ಇದು. ಈಗ ನೆನೆದರೂ ಮೈ ಉರಿಯುತ್ತದೆ.

ಎಲ್ಲದಕ್ಕೂ ಕಾರಣ ನನ್ನ ಮಾವ, ಅಂದರೆ ಅಮ್ಮನ ದೊಡ್ಡಣ್ಣ. ನಮ್ಮದು ಅಳಿಯಕಟ್ಟು, ಕುಟುಂಬ ನಡೆಯುವುದು ತಾಯಿಯ ಕಡೆಯಿಂದ. ಮನೆಯ ಹೆಣ್ಣುಮಕ್ಕಳ ವಿಷಯ ಬಂದಾಗ ಅಪ್ಪನ ಮಾತಿಗಿಂತ ಮಾವನ ಮಾತಿಗೆ ತೂಕ ಹೆಚ್ಚು. ಭೂಸುಧಾರಣೆಯಲ್ಲಿ ಗದ್ದೆಗಳೆಲ್ಲ ಒಕ್ಕಲುಗಳ ಪಾಲಾದ ಮೇಲೆ ಯಜಮಾನಿಕೆ ಮಾಡಲು ಮಾವನಿಗೆ ಉಳಿದದ್ದು ಕಾವೂರಿನ ಮನೆಯಲ್ಲಿದ್ದ ನಾವು ಕೆಲವರು ಮಾತ್ರ. ಸರಕಾರಿ ನೌಕರಿಯಲ್ಲಿದ್ದ ಅವರನ್ನು ನಿವೃತ್ತಿಗೆ ಸ್ವಲ್ಪ ಮೊದಲು ಪದವೀಧರ ಕ್ಷೇತ್ರದ ಚುನಾವಣೆಯ ಮತ ಎಣಿಕೆಗೆ ಹಾಕಿದ್ದರು. ಹೋದ ಮನುಷ್ಯ ಬೇರೆ, ತಿರುಗಿ ಬಂದ ಮನುಷ್ಯ ಬೇರೆ.

"ನಮ್ಮ ಮಾಮೂಲಿ ಓಟು ಒಂದು ಓಟಾ? ಮುದ್ರೆ ಒತ್ತಿದ್ರೆ ಮುಗೀತು. ಇದು ಹಾಗಲ್ಲ ಮಾರಾಯ್ತಿ. ಒಂದು, ಎರಡು, ಮೂರು ಅಂತ ನಂಬರ್ ಹಾಕ್ಬೇಕು. ಪ್ರಾಶಸ್ತ್ಯದ ಮತ!" ಎನ್ನುತ್ತಿದ್ದರು. ಆ 'ಪ್ರಾಶಸ್ತ್ಯ' ಎಂಬ ಶಬ್ದವನ್ನು ಅವರು ಬಾಯಿ ತುಂಬಾ ಹೇಳುವಾಗ ಎದುರಿಗೆ ಕೂತವರು ಮುಖ ಒರೆಸಿಕೊಳ್ಳಬೇಕಾಗುತ್ತಿತ್ತು. ಮನೆಯಲ್ಲಿ ನಾವು ಆಡುವುದು ತುಳು. ಆ ತುಳುವಿನ ನಡುವೆ ಈ ಶಬ್ದ ಪ್ಯಾಂಟು ಹಾಕಿದ ಅಧಿಕಾರಿಯ ಹಾಗೆ ಬಂದು ಕೂತುಬಿಟ್ಟಿತ್ತು.

ನಾನಾಗ ಉಳ್ಳಾಲದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಕಾವೂರಿನಿಂದ ಪೇಟೆಗೆ ಒಂದು ಬಸ್ಸು, ಪೇಟೆಯಿಂದ ಪಂಪ್‌ವೆಲ್ ದಾಟಿ ಹೊಳೆಯಾಚೆಗೆ ಇನ್ನೊಂದು ಬಸ್ಸು. ಎರಡರಲ್ಲೂ ನಿಂತೇ ಹೋಗಬೇಕು. ಆದರೂ ಆ ಕೆಲಸ ನನಗೆ ಇಷ್ಟವಿತ್ತು. ವಯಸ್ಸು ಇಪ್ಪತ್ತಾರು ದಾಟಿತ್ತು ಎಂಬುದು ಮನೆಯವರ ತಲೆನೋವಾಗಿತ್ತು. ಆ ವರ್ಷ ಒಟ್ಟಿಗೇ ಮೂರು ಸಂಬಂಧ ಬಂದವು. ಒಬ್ಬ ಬೊಂಬಾಯಿಯಲ್ಲಿ ಹೋಟೆಲಿನವನು. ಇನ್ನೊಬ್ಬ ದುಬೈಯಲ್ಲಿ ಕೆಲಸದಲ್ಲಿದ್ದವನು. ಮೂರನೆಯವನು ಮಂಗಳೂರಿನಲ್ಲೇ ಬ್ಯಾಂಕಿನಲ್ಲಿದ್ದವನು. ಮೂವರನ್ನೂ ನಾನು ನೋಡಿದ್ದು ಫೋಟೊದಲ್ಲಿ. ಮೂವರೂ ಸ್ಟುಡಿಯೋದ ಅದೇ ಪರದೆಯ ಎದುರು ನಿಂತ ಹಾಗೆ ಕಾಣುತ್ತಿದ್ದರು.

ಸಂಬಂಧ ಬಂದದ್ದೇ ಮನೆ ಮೂರು ಪಾಲಾಯಿತು. ಅಪ್ಪ, ಅಣ್ಣ, ಅತ್ತಿಗೆ, ಅಪ್ಪನ ತಂಗಿ, ಈ ನಾಲ್ವರು ಬೊಂಬಾಯಿ ಪಕ್ಷ. ಹೋಟೆಲಿನವನು ಅಪ್ಪನ ಹಳೆಯ ಶಿಷ್ಯ. ಅತ್ತಿಗೆಯಂತೂ ದಾದರಿನಿಂದ ಯಾವ ಸೀರೆ ತರಿಸಬೇಕು ಎಂದು ಹೇಳತೊಡಗಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ. ಮಾವ, ಮಾವನ ಹೆಂಡತಿಯಾದ ಮಾಮಿ, ಅಮ್ಮನ ಅಕ್ಕನಾದ ದೊಡ್ಡಮ್ಮ, ಈ ಮೂವರು ದುಬೈ ಪಕ್ಷ. ದೊಡ್ಡಮ್ಮನ ಮಗ ಆಗಲೇ ಗಲ್ಫಿನಲ್ಲಿದ್ದ, ಬರುವಾಗ ಟೇಪ್‌ರೆಕಾರ್ಡರ್ ತಂದಿದ್ದ. ಮಾವನ ತಾಯಿಯಾದ ಅಜ್ಜಿ ಮತ್ತು ನನ್ನ ಅಮ್ಮ ಮಾತ್ರ ಹತ್ತಿರದಲ್ಲೇ ಇರುತ್ತಾಳಲ್ಲ ಎಂದು ಬ್ಯಾಂಕಿನವನ ಕಡೆ ಇದ್ದರು. ಊಟಕ್ಕೆ ಕೂತರೆ ಜಗಳ, ಚಹಾಕ್ಕೆ ಕೂತರೆ ಜಗಳ. ಕೊನೆಗೊಂದು ದಿನ ಮಾವ ಗಂಟಲು ಸರಿ ಮಾಡಿ, "ಬರುವ ಆದಿತ್ಯವಾರ ಓಟು. ಪ್ರಾಶಸ್ತ್ಯದ ಓಟು," ಎಂದು ಸಾರಿದರು.

"ಹಾಗಾದ್ರೆ ನನಗೂ ಒಂದು ಚೀಟಿ ಕೊಡಿ ಮಾವ," ಎಂದೆ.

ಮಾವ ನನ್ನನ್ನು ಕನಿಕರದಿಂದ ನೋಡಿದರು. "ನಿನಗೆ ಎಂತಕ್ಕೆ ಚೀಟಿ? ನೀನು ಮತದಾರಳಲ್ಲ. ನೀನು ಕ್ಷೇತ್ರ."

ಎಲ್ಲರೂ ನಕ್ಕರು. ಮಾವನಿಗೆ ತನ್ನ ಮಾತು ಎಷ್ಟು ಹಿಡಿಸಿತೆಂದರೆ ಸಂಜೆ ಕೆರೆಯ ಕಡೆ ತಿರುಗಾಡಲು ಹೋದಾಗ ಸಿಕ್ಕಿದವರಿಗೆಲ್ಲ ಅದನ್ನು ಹೇಳಿ ಬಂದರು.

ಆದಿತ್ಯವಾರ ಬಂತು. ಮಾವ ಎಲ್ಲಿಂದಲೋ ಒಂದು ನೇರಳೆ ಪೆನ್ಸಿಲ್ ತಂದಿದ್ದರು. ತುದಿಯನ್ನು ನಾಲಿಗೆಗೆ ಮುಟ್ಟಿಸಿ ಬರೆದರೆ ಅಳಿಸಲಾಗದ ಅಕ್ಷರ ಬೀಳುವಂಥದ್ದು. ಹಪ್ಪಳದ ಡಬ್ಬ ಮತಪೆಟ್ಟಿಗೆಯಾಯಿತು. ಪ್ರತಿ ಚೀಟಿಯಲ್ಲೂ ಬೊಂಬಾಯಿ, ದುಬೈ, ಬ್ಯಾಂಕು ಎಂದು ಮೂರು ಸಾಲು. ಹೆಸರು ಬರೆಯುವುದು ಸಭ್ಯತೆಯಲ್ಲ ಎಂದು ಹಾಗೆ ಮಾಡಿದ್ದರಂತೆ. ನನ್ನನ್ನು ಕೇಳದಿರುವುದು ಮಾತ್ರ ಸಭ್ಯತೆ.

ಮತ ಹಾಕುವ ಕ್ರಮವನ್ನು ಮಾವ ಮೀನಿನ ಲೆಕ್ಕದಲ್ಲಿ ವಿವರಿಸಿದರು. "ನೀವು ಮೀನು ಮಾರ್ಕೆಟಿಗೆ ಹೋಗ್ತೀರಿ. ಮನಸ್ಸಿರೂದು ಅಂಜಲಿನ ಮೇಲೆ. ಅದಕ್ಕೆ ಒಂದು ಹಾಕಿ. ಅಂಜಲ್ ಇಲ್ಲದಿದ್ರೆ ಬಂಗುಡೆ, ಅದಕ್ಕೆ ಎರಡು. ಅದೂ ಇಲ್ಲದಿದ್ರೆ ಬೂತಾಯಿ, ಮೂರು. ಅಷ್ಟೇ. ಒಂದು ಹಾಕ್ಲೇಬೇಕು. ಎರಡು, ಮೂರು ಹಾಕಿದ್ರೆ ಒಳ್ಳೆಯದು."

"ಬೂತಾಯಿ ಯಾರು?" ಎಂದು ಅಪ್ಪನ ತಂಗಿ ಕೇಳಿದರು. ಅದಕ್ಕೆ ಹತ್ತು ನಿಮಿಷ ಚರ್ಚೆಯಾಯಿತು.

ಒಬ್ಬೊಬ್ಬರಾಗಿ ಪಂಚೆಯ ಹಿಂದೆ ಹೋಗಿ ಬಂದರು. ಎಲ್ಲರ ತುಟಿಯೂ ನೇರಳೆ. ಓದುಬರಹ ಇಲ್ಲದ ಅಜ್ಜಿಗೆ ಸಹಾಯಕ್ಕೆ ಅತ್ತಿಗೆ ಹೋದಳು. ಗುಟ್ಟಿನ ಮತದಾನ ಎಂದರೂ ಅಜ್ಜಿ ಒಳಗಿನಿಂದ ಹೇಳಿದ್ದು ಪಕ್ಕದ ಮನೆಗೂ ಕೇಳಿಸಿತು. ಮಾವ ಡಬ್ಬ ತೆರೆದು ಚೀಟಿಗಳನ್ನು ಚಾಪೆಯ ಮೇಲೆ ಹರಡಿದರು, ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದರು, ಮುಖ ಕಪ್ಪಿಟ್ಟಿತು.

"ಒಂಬತ್ತರಲ್ಲಿ ಐದು ಕುಲಗೆಟ್ಟದ್ದು!"

ಸರಿಯಾಗಿ ತುಂಬದ ಮತಕ್ಕೆ ಸರಕಾರದ ಕನ್ನಡದಲ್ಲಿ ಹಾಗೆ ಹೇಳುತ್ತಿದ್ದರು, ಕುಲಗೆಟ್ಟ ಮತ. ಮಾವನಿಗೆ ಅದು ಎಣಿಕೆಯ ಮೇಜಿನ ಮಾತು. ಅಜ್ಜಿಗೆ ಹಾಗಲ್ಲ.

"ಯಾರ ಕುಲ ಕೆಟ್ಟದ್ದು?" ಎಂದು ಅಜ್ಜಿ ಕೂತಲ್ಲಿಂದ ಎದ್ದೇ ಬಿಟ್ಟರು. "ಹುಡುಗನದ್ದಾ? ನಮ್ಮದಾ? ಎಂತ ಸುದ್ದಿ ಬಂತು ಈಗ?"

ದೊಡ್ಡಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರ ಚೀಟಿಯೂ ಆ ಐದರಲ್ಲಿ ಇದೆ ಎಂದು ಗೊತ್ತಾದಾಗ, "ನನ್ನ ಅಣ್ಣನೇ ನನಗೆ ಹೀಗೆ ಹೇಳುವುದಾ?" ಎಂದು ಶುರು ಮಾಡಿದರು. ಮಾವ ಶಬ್ದದ ಅರ್ಥ ಹೇಳಲು ಹೋದಷ್ಟೂ ಕುಲ ಕೆಡುತ್ತಲೇ ಹೋಯಿತು. ನಾನು ಗೋಡೆಗೆ ಒರಗಿ ನಿಂತು, ಈ ಜನ ನನ್ನ ಇಡೀ ಬಾಳಿನ ತೀರ್ಮಾನ ಮಾಡುವವರಲ್ಲವಾ ಎಂದುಕೊಂಡೆ.

ಆ ಐದು ಚೀಟಿಗಳನ್ನು ಹೇಳಲೇಬೇಕು. ನಲವತ್ತು ವರ್ಷ ಮೇಷ್ಟ್ರಾಗಿದ್ದ ಅಪ್ಪ ನಂಬರು ಎಂದರೆ ಮಾರ್ಕು ಎಂದುಕೊಂಡು ನೂರಕ್ಕೆ ಮಾರ್ಕು ಹಾಕಿದ್ದರು. ತನ್ನ ಪಕ್ಷದ ಬೊಂಬಾಯಿಯವನಿಗೇ ಕೊಟ್ಟದ್ದು ಅರವತ್ತೆರಡು. "ಅವನು ಗಣಿತದಲ್ಲಿ ಅಷ್ಟಕ್ಕಷ್ಟೇ ಇದ್ದ," ಎಂದರು. ದುಬೈಗೆ ಸರಿಯಾಗಿ ಮೂವತ್ತೈದು, ಕೃಪಾಂಕ ಕೊಟ್ಟು ಪಾಸು ಮಾಡಿದ ಹಾಗೆ. ಅಣ್ಣ ಕಂಪೆನಿಯ ಕಾಗದಗಳಿಗೆ ಹಾಕಿದಂತೆ ಬೊಂಬಾಯಿಯ ಎದುರು ಟಿಕ್ ಹಾಕಿ ಕೆಳಗೆ ಸಹಿ ಮಾಡಿದ್ದ. ಅಪ್ಪನ ತಂಗಿ ಮೂವರಿಗೂ ಒಂದೊಂದು ಹಾಕಿದ್ದರು. ಯಾಕೆ ಎಂದರೆ, "ಯಾರಿಗೂ ಬೇಜಾರಾಗ್ಬಾರ್ದಲ್ಲ." ಮೂವರಲ್ಲಿ ಒಬ್ಬನಿಗೂ ಈ ಚೀಟಿ ಕಾಣಸಿಗುವುದಿಲ್ಲ ಎಂದರೂ ಅವರಿಗೆ ಸಮಾಧಾನವಿಲ್ಲ.

ದೊಡ್ಡಮ್ಮ ಮೂರರ ಎದುರೂ 'ಆವು' ಎಂದು ಬರೆದಿದ್ದರು. ತುಳುವಿನ ಈ 'ಆವು' ಇದೆಯಲ್ಲ, ಇದರಷ್ಟು ಕಷ್ಟದ ಶಬ್ದ ಇನ್ನೊಂದಿಲ್ಲ. ಆಗಬಹುದು ಎಂದು ಅದರ ಅರ್ಥ. ಹೌದು ಎನ್ನಲಿಕ್ಕೂ ಆವು, ನೋಡುವ ಎನ್ನಲಿಕ್ಕೂ ಆವು, ಈ ಮಾತು ಇಲ್ಲಿಗೆ ನಿಲ್ಲಿಸಿ ಎನ್ನಲಿಕ್ಕೂ ಆವು. ಬೇಡ ಎನ್ನಲು 'ಬೊಡ್ಚಿ' ಎಂಬ ಸ್ಪಷ್ಟವಾದ ಶಬ್ದ ಇದ್ದರೂ ನಮ್ಮ ಮನೆಯ ಹೆಂಗಸರು ಅದನ್ನು ಬಳಸುತ್ತಿದ್ದದ್ದು ಎರಡನೇ ಸಲ ಅನ್ನ ಬಡಿಸುವಾಗ ಮಾತ್ರ.

ಇನ್ನು ಅಜ್ಜಿಯದ್ದು. ಬ್ಯಾಂಕಿಗೆ ನೂರ ಒಂದು, ದುಬೈಗೆ ಐವತ್ತೊಂದು, ಬೊಂಬಾಯಿಗೆ ಹನ್ನೊಂದು. ಮದುವೆಯ ವಿಷಯ, ಮುಯ್ಯಿಯ ಹಾಗೆ ಶುಭದ ಸಂಖ್ಯೆ ಇರಲಿ ಎಂದು ಹಾಗೆ ಬರೆಸಿದ್ದರು. ಅವರ ಮನಸ್ಸಿನಲ್ಲಿ ಯಾರು ಮೊದಲು, ಯಾರು ಕೊನೆ ಎಂಬುದು ಆ ಒಂಬತ್ತು ಚೀಟಿಗಳಲ್ಲೇ ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಅದೂ ಕುಲಗೆಟ್ಟದ್ದು!

ಮುಂದೆ ಬಹಳ ವರ್ಷಗಳಾದ ಮೇಲೆ, ಇಂಥ ಮತಗಳ ಬಗ್ಗೆ ಅಲ್ಲಲ್ಲಿ ಓದಿದಾಗ ನನಗೆ ಗೊತ್ತಾಯಿತು, ನಮ್ಮ ಮನೆಯವರು ತಪ್ಪು ಮಾಡಿರಲಿಲ್ಲ. ಒಬ್ಬೊಬ್ಬರೂ ಒಂದೊಂದು ಪದ್ಧತಿಯನ್ನೇ ಕಂಡುಹಿಡಿದಿದ್ದರು. ಅಪ್ಪನ ಹಾಗೆ ಮಾರ್ಕು ಕೊಡುವ ಮತದಾನ ಇದೆ. ದೊಡ್ಡಮ್ಮನ ಹಾಗೆ ಆಗಬಹುದು ಎನಿಸಿದವರಿಗೆಲ್ಲ ಆವು ಹಾಕುವ ಮತದಾನವೂ ಇದೆ, ಅದೇ ಉತ್ತಮ ಎಂದು ವಾದಿಸುವ ಪಂಡಿತರೂ ಇದ್ದಾರೆ. ಆದರೆ ಒಂದೇ ಡಬ್ಬದೊಳಗೆ ಐದು ಪದ್ಧತಿ ಹಾಕಿದರೆ ಲೆಕ್ಕ ಮಾಡುವುದು ಹೇಗೆ? ಅದು ಪಂಡಿತರಿಗೂ ಗೊತ್ತಿರಲಿಕ್ಕಿಲ್ಲ.

ಮಧ್ಯಾಹ್ನ ಕೋರಿರೊಟ್ಟಿ. ಕುಲ ಕೆಟ್ಟವರೂ ಕೆಡದವರೂ ಒಟ್ಟಿಗೆ ಕೂತು ಚೆನ್ನಾಗಿಯೇ ಉಂಡರು. ಊಟವಾದ ಮೇಲೆ ಮಾವ ಮರುಮತದಾನ ಸಾರಿದರು, ಮತ್ತು ಪಾಠ ಮಾಡುವ ಕೆಲಸವನ್ನು ನನಗೆ ಒಪ್ಪಿಸಿದರು! "ನೀನು ಟೀಚರ್ ಅಲ್ವಾ, ಇವರಿಗೆ ಸ್ವಲ್ಪ ಹೇಳಿ ಕೊಡು ಮಾರಾಯ್ತಿ." ನನ್ನನ್ನು ಯಾರಿಗೆ ಕೊಡಬೇಕು ಎಂದು ಸರಿಯಾಗಿ ಬರೆಯುವುದನ್ನು ನಾನೇ ಅವರಿಗೆ ಕಲಿಸಬೇಕಾಯಿತು. ಕಲಿಸಿದೆ ಕೂಡಾ. ಒಂದು ಅಂದರೆ ಎಲ್ಲರಿಗಿಂತ ಹೆಚ್ಚು, ಮೂರು ಅಂದರೆ ಎಲ್ಲರಿಗಿಂತ ಕಡಿಮೆ, ಒಂದೇ ನಂಬರ್ ಇಬ್ಬರಿಗೆ ಇಲ್ಲ, ಸಹಿ ಬೇಡ.

ಕಲಿತ ಮೇಲೆ ಜಾಣತನ ಬಂತು. ಮಾಮಿ ಮಾವನ ಕಿವಿಯಲ್ಲಿ, "ಎರಡು ಯಾರಿಗೆ ಹಾಕಿದ್ರೆ ನಮ್ಮ ಒಂದಕ್ಕೆ ಪೆಟ್ಟು ಬೀಳೂದಿಲ್ಲ?" ಎಂದು ಕೇಳುವುದು ನನಗೂ ಕೇಳಿಸಿತು. ಆ ಕಡೆ ಅತ್ತಿಗೆಯೂ ಅದನ್ನೇ ಅಣ್ಣನ ಹತ್ತಿರ ಕೇಳುತ್ತಿದ್ದಳು. ಎರಡೂ ಪಕ್ಷದವರು ಎದುರು ಪಕ್ಷವನ್ನು ಮೂರಕ್ಕೆ ತಳ್ಳಲೆಂದೇ ಬ್ಯಾಂಕಿನವನಿಗೆ ಎರಡು ಹಾಕಿದರು. ಅವನ ಮೇಲೆ ಅವರಲ್ಲಿ ಒಬ್ಬರಿಗೂ ಪ್ರೀತಿ ಇರಲಿಲ್ಲ. ಅಜ್ಜಿ ಮತ್ತು ಅಮ್ಮ ಬ್ಯಾಂಕಿಗೆ ಒಂದು ಹಾಕಿ, ಮಾವನಿಗೆ ಬೇಸರವಾಗಬಾರದು ಎಂದು ದುಬೈಗೆ ಎರಡು ಹಾಕಿದರು.

ಈ ಸಲ ಒಂಬತ್ತೂ ಸರಿಯಾಗಿದ್ದವು. ಮೊದಲನೆಯ ಪ್ರಾಶಸ್ತ್ಯ ಎಣಿಸಿದಾಗ ಬೊಂಬಾಯಿಗೆ ನಾಲ್ಕು, ದುಬೈಗೆ ಮೂರು, ಬ್ಯಾಂಕಿಗೆ ಎರಡು.

"ಆಯ್ತಲ್ಲ, ಬೊಂಬಾಯಿ," ಎಂದು ಅಪ್ಪ ಎಲೆಯಡಿಕೆಯ ತಟ್ಟೆಗೆ ಕೈ ಹಾಕಿದರು.

"ಎಂತ ಆದದ್ದು?" ಎಂದರು ಮಾವ. "ಅರ್ಧಕ್ಕಿಂತ ಹೆಚ್ಚು ಬರ್ಬೇಕು. ಐದು ಬೇಕು. ಯಾರಿಗೂ ಬರ್ಲಿಲ್ಲ. ಈಗ ಕಡಿಮೆ ಬಂದವನನ್ನು ತೆಗೀಬೇಕು. ಬ್ಯಾಂಕು ಹೋಯ್ತು. ಅಮ್ಮನದ್ದು, ಇವಳದ್ದು, ಎರಡೂ ಚೀಟಿಯಲ್ಲಿ ಎರಡು ಯಾರಿಗೆ ಉಂಟು? ದುಬೈಗೆ. ಮೂರು ಮತ್ತೆ ಎರಡು ಐದು. ದುಬೈ ಗೆದ್ದ!"

"ನಾಲ್ಕು ಬಂದವ ಸೋತು ಮೂರು ಬಂದವ ಗೆಲ್ಲೂದು ಯಾವ ಊರಿನ ನ್ಯಾಯ?" ಅಪ್ಪ ಎಲೆಯನ್ನು ಕೆಳಗಿಟ್ಟರು.

ಅಮ್ಮ ಬಾಗಿಲ ಹತ್ತಿರದಿಂದ ಮೆಲ್ಲಗೆ, "ಎರಡು ಅಂತ ನೋಡಿದ್ರೆ ಉಳಿದ ಏಳು ಚೀಟಿಯಲ್ಲೂ ಬ್ಯಾಂಕಿನವನಿಗೇ ಉಂಟಲ್ಲ," ಎಂದರು. ಅದನ್ನು ಹಿಡಿದು ಅಣ್ಣ, ಎಲ್ಲ ಬಿಟ್ಟು ಕ್ರೀಡಾಕೂಟದ ಹಾಗೆ ಪಾಯಿಂಟ್ ಹಾಕುವ ಎಂದ. ಫಸ್ಟಿಗೆ ಮೂರು, ಸೆಕೆಂಡಿಗೆ ಎರಡು, ಥರ್ಡಿಗೆ ಒಂದು. ತನ್ನ ಬೊಂಬಾಯಿ ಗೆಲ್ಲಬಹುದು ಎಂದುಕೊಂಡಿದ್ದ. ಕೂಡಿಸಿ ನೋಡಿದರೆ ಬೊಂಬಾಯಿಗೆ ಹದಿನೇಳು, ದುಬೈಗೆ ಹದಿನೇಳು, ಬ್ಯಾಂಕಿಗೆ ಇಪ್ಪತ್ತು!

ಒಂದೇ ಡಬ್ಬ, ಅದೇ ಒಂಬತ್ತು ಚೀಟಿ, ಮೂವರೂ ಗೆದ್ದರು. ಚಾವಡಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಕೊನೆಗೆ ಮಾವ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ ನನ್ನ ಕಡೆ ತಿರುಗಿದರು. "ನೀನು ಲೆಕ್ಕದ ಟೀಚರ್. ನೀನೇ ಹೇಳು. ಇದರಲ್ಲಿ ಸರಿ ಯಾವುದು?"

ಒಂದು ಕ್ಷಣ ನನ್ನ ಎದೆ ಹಾರಿತು. ಆಮೇಲೆ ತಿಳಿಯಿತು, ಕೇಳುತ್ತಿರುವುದು ಯಾವ ಹುಡುಗ ಸರಿ ಎಂದಲ್ಲ, ಯಾವ ಕೂಡಿಸುವಿಕೆ ಸರಿ ಎಂದು.

"ಮೂರೂ ಸರಿ," ಎಂದೆ. "ಕೂಡಿಸಿದ್ದು ಯಾರದ್ದೂ ತಪ್ಪಿಲ್ಲ. ಹೇಗೆ ಎಣಿಸೂದು ಅಂತ ಮೊದಲೇ ಒಪ್ಪಿಕೊಳ್ಬೇಕಿತ್ತು. ಈಗ ನೀವು ಎಣಿಕೆಯನ್ನು ಆರಿಸೂದು ಅಂದ್ರೆ ಹುಡುಗನನ್ನು ಆರಿಸಿದ ಹಾಗೆಯೇ."

"ಅದೆಲ್ಲ ಬೇಡ. ಸರಕಾರ ಮಾಡೂದು ನನ್ನ ಕ್ರಮ. ಹಾಗಾಗಿ ದುಬೈ," ಎಂದು ಮಾವ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. ಆಮೇಲೆ ಯಜಮಾನನ ಗತ್ತಿನಲ್ಲಿ ನನ್ನನ್ನು ನೋಡಿ, "ಆವಾ?" ಎಂದರು.

ಬೆಳಗಿನಿಂದ ನೆತ್ತಿಗೇರಿದ್ದ ಸಿಟ್ಟು ಒಮ್ಮೆಲೇ ಬಾಯಿಗೆ ಬಂತು. "ಆವು! ಆವು ಮಾವ! ನಿಮಗೆ ಎಂತ ಬೇಕೋ ಅದು ಮಾಡಿ!" ಎಂದು ಕೂಗಿ ಅಡುಗೆಮನೆಗೆ ಹೋದೆ. ಹಿಂದಿನಿಂದ ಮಾವನ ಸಂತೋಷದ ದನಿ ಕೇಳಿಸಿತು. "ಕೇಳಿದ್ರಾ? ಹುಡುಗಿ ಒಪ್ಪಿದ್ಳು!"

ನಾನು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದೆ. ಶಾಲೆಯನ್ನು ನೆನೆದೆ, ಹೊಳೆಯ ಮೇಲಿನ ಸೇತುವೆಯಲ್ಲಿ ಬಸ್ಸಿನ ಕಿಟಕಿಗೆ ಬರುವ ಗಾಳಿಯನ್ನು ನೆನೆದೆ. ಅಳು ಬರಲಿಲ್ಲ. ಅಮ್ಮ ಬಂದು ಪಕ್ಕದಲ್ಲಿ ನಿಂತರು.

"ನಿನ್ನದು ಎಂತ ಆವು ಅದು? ಹೌದಾ, ಅಲ್ಲವಾ?"

"ನಿಮಗೆ ಹೇಗೆ ಕೇಳಿಸಿತು ಅಮ್ಮ?"

ಅಮ್ಮ ನಲ್ಲಿ ನಿಲ್ಲಿಸಿದರು. "ಅವತ್ತು ನಾನು ಹೇಳಿದ ಹಾಗೆಯೇ ಕೇಳಿಸಿತು," ಎಂದರು. "ನನ್ನ ಮದುವೆಗೆ ಚೀಟಿ ಗೀಟಿ ಎಂತದ್ದೂ ಇರ್ಲಿಲ್ಲ. ನಿನ್ನ ಮಾವ ಬಂದು ಆವಾ ಅಂತ ಕೇಳಿದ್ರು. ಆವು ಅಂದೆ. ಹೌದು ಅಂತ ಹೇಳಿದ್ದಾ, ಅಲ್ಲ ಅಂತ ಹೇಳಿದ್ದಾ, ನನಗೇ ಗೊತ್ತಿರ್ಲಿಲ್ಲ."

ಅಮ್ಮನ ಬಾಯಿಯಿಂದ ಈ ಮಾತನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಪ್ಪ ಒಳ್ಳೆಯವರು, ಅಮ್ಮ ಎಂದೂ ದೂರಿದವರಲ್ಲ. ಆದರೂ ನನಗೆ ತುಂಬಾ ದುಃಖವಾಯಿತು. ಅಮ್ಮ ಕೈ ಒರೆಸಿಕೊಂಡು ಚಾವಡಿಗೆ ಹೋದರು, ನಾನೂ ಹಿಂದೆಯೇ ಹೋದೆ.

"ಅಣ್ಣ, ನನ್ನ ಚೀಟಿ ವಾಪಸ್ ಕೊಡಿ," ಎಂದು ಅಮ್ಮ ಮಾವನನ್ನು ಕೇಳಿದರು.

"ಹಾಕಿದ ಓಟು ವಾಪಸ್ ಇಲ್ಲ. ರೂಲ್ ಉಂಟು."

ಅಮ್ಮ ವಾದ ಮಾಡಲಿಲ್ಲ. ಮಾವನ ಕಿವಿಯಿಂದ ಪೆನ್ಸಿಲನ್ನು ತೆಗೆದರು. ಅಮ್ಮ ಹಾಗೆ ಮಾಡಿದ್ದನ್ನು ಆ ಮನೆಯಲ್ಲಿ ಅದುವರೆಗೆ ಯಾರೂ ನೋಡಿರಲಿಲ್ಲ. ಚಾಪೆಯ ಮೇಲೆ ಉಳಿದಿದ್ದ ಖಾಲಿ ಚೀಟಿಯೊಂದನ್ನು ಎತ್ತಿ, ಪೆನ್ಸಿಲನ್ನು ನಾಲಿಗೆಗೆ ಮುಟ್ಟಿಸಿ, ಮೂರು ಸಾಲಿನ ಮೇಲೂ ಅಡ್ಡಲಾಗಿ ದೊಡ್ಡದಾಗಿ ಒಂದೇ ಶಬ್ದ ಬರೆದು ಕೊಟ್ಟರು. ಬೊಡ್ಚಿ.

ಮಾವ ಅದನ್ನು ಎರಡು ಸಲ ಓದಿದರು. "ಇದೆಂತದ್ದು? ಹೀಗೊಂದು ಕ್ಯಾಂಡಿಡೇಟ್ ಇಲ್ಲ. ಇದು ಕುಲಗೆಟ್ಟ ಮತ."

"ಕೆಡ್ಲಿ," ಎಂದರು ಅಮ್ಮ.

ಆಗ ಅಜ್ಜಿ ಮೂಲೆಯಿಂದ, "ಅವಳು ಎಂತ ಬರೆದದ್ದು?" ಎಂದು ಕೇಳಿದರು. ಅತ್ತಿಗೆ ಹೇಳಿದಳು. ಅಜ್ಜಿ ಬಾಯಿಯಲ್ಲಿದ್ದ ಎಲೆಯಡಿಕೆಯನ್ನು ಆಚೆ ದವಡೆಗೆ ಸರಿಸಿ, "ಹಾಗಾದ್ರೆ ನನ್ನ ನೂರ ಒಂದನ್ನೂ ಅದಕ್ಕೇ ಹಾಕು," ಎಂದರು.

ಮಾವ ಚೀಟಿಗಳನ್ನು ಡಬ್ಬಕ್ಕೆ ಹಾಕಿದರು, ಮತ್ತೆ ತೆಗೆದರು. ಅವರ ನೇರಳೆ ತುಟಿ ನೋಡಿ ನಗು ಬರಬೇಕಿತ್ತು, ಬರಲಿಲ್ಲ. ಪದವೀಧರ ಕ್ಷೇತ್ರದಲ್ಲಿ ಅವರು ಎಣಿಸಿದ ಅಷ್ಟೊಂದು ಚೀಟಿಗಳಲ್ಲಿ ಇಂಥದ್ದು ಬಂದಿರಲಿಕ್ಕಿಲ್ಲ. ಬೆಳಗಿನಿಂದ ಮೊದಲ ಸಲ ಅವರು ನಿಜವಾಗಿ ನನ್ನ ಮುಖ ನೋಡಿದರು, ತುಂಬಾ ದಣಿದವರ ಹಾಗೆ.

"ನಿನಗಾದ್ರೂ ಯಾರು ಬೇಕು ಹೇಳು ಮಾರಾಯ್ತಿ," ಎಂದು ಅಮ್ಮನ ಕೈಯಿಂದ ಪೆನ್ಸಿಲ್ ತೆಗೆದು ನನ್ನ ಕಡೆ ಚಾಚಿದರು.

ನಾನು ಪೆನ್ಸಿಲ್ ತೆಗೆದುಕೊಂಡೆ. ಮೂರು ಫೋಟೊಗಳೂ ಚಾಪೆಯ ಮೇಲೆ ಇದ್ದವು. ಒಂಬತ್ತು ಜನರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಗೊತ್ತಿಲ್ಲ ಮಾವ," ಎಂದೆ. "ನೀವು ಕೇಳಿದ್ದೇ ಈಗ."